ಪತ್ರವಿಲ್ಲದ ವಿಧವೆಯರು: ಪುಣೆಯ ಒಂದು ಕನ್ನಡ ಸಭೆಯ ಪ್ರಕರಣ

ಒಂದೇ ಕ್ರೈಸ್ತ ಸಭೆಯ ನಾಲ್ಕೈದು ಜನ ಒಂದೇ ಸತ್ಯವೇದವನ್ನು (ಬೈಬಲನ್ನು) ತೆರೆದು, ಒಂದೇ ವಿಷಯವನ್ನು ನಾಲ್ಕು ದಿಕ್ಕಿಗೆ ಎಳೆದರೆ ಯಾರ ಮಾತನ್ನು ಹಿಡಿಯಬೇಕು? ಎಲ್ಲರೂ ಪ್ರಾರ್ಥನೆ ಮಾಡುವವರೇ, ಎಲ್ಲರೂ ವಚನ ಬಲ್ಲವರೇ. ದೇವರಿಂದ ಬಂದ ವಿವೇಕ ಯಾರಲ್ಲಿದೆ ಎಂದು ಗುರುತಿಸಲು ಏನು ಆಧಾರ? ಪಿಂಪ್ರಿ-ಚಿಂಚವಾಡ ಕಡೆಯ ನಮ್ಮ ಕನ್ನಡ ಸಭೆಗೆ ಈ ಪ್ರಶ್ನೆ ವಿಧವೆಯರ ಸಹಾಯನಿಧಿಯ ರೂಪದಲ್ಲಿ ಎದುರಾಯಿತು. ಕಮಿಟಿಯಲ್ಲಿ ಕುಳಿತು ಮೊದಲಿನಿಂದ ಎಲ್ಲವನ್ನೂ ಕೇಳಿಸಿಕೊಂಡವನಾಗಿ, ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಯಾರ ಹೆಸರನ್ನೂ ಹೇಳದೆ ಅದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಇಂಥದ್ದೇ ಇಕ್ಕಟ್ಟಿನಲ್ಲಿರುವ ಬೇರೆ ಸಭೆಗಳ ಹಿರಿಯರಿಗೆ ಇದು ಉಪಯೋಗಕ್ಕೆ ಬರಲಿ ಎಂಬುದೇ ಉದ್ದೇಶ.

ಎರಡು ಸೀಮೆಯ ಒಂದು ಸಭೆ

ನಮಗೆ ಸ್ವಂತ ಕಟ್ಟಡವಿಲ್ಲ. ಮರಾಠಿ ಸಭೆಯವರ ದೇವಾಲಯದಲ್ಲಿ ಭಾನುವಾರ ಮಧ್ಯಾಹ್ನದ ಮೇಲೆ ನಮ್ಮ ಆರಾಧನೆ. ಬರುವವರಲ್ಲಿ ಎರಡು ಸೀಮೆಯ ಜನರಿದ್ದಾರೆ. ಮೊದಲು ಬಂದವರು ಮಂಗಳೂರು, ಉಡುಪಿ, ಧಾರವಾಡ, ಗದಗ ಕಡೆಯವರು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನ ಶಿಸ್ತಿನಲ್ಲಿ ಬೆಳೆದ ಮನೆತನಗಳು ಇವು. 1954ರಲ್ಲಿ ಸ್ಥಾಪನೆಯಾದ ಹಿಂದುಸ್ತಾನ್ ಆಂಟಿಬಯೋಟಿಕ್ಸ್ ಪಿಂಪ್ರಿಗೆ ಕೈಗಾರಿಕೆಯ ಮುಖ ಕೊಟ್ಟಿತು. ಅದರ ಬೆನ್ನಿಗೆ ಮೋಟಾರು ಕಾರ್ಖಾನೆಗಳು ಬಂದವು. ಆ ಕಾಲದಲ್ಲಿ ಇವರ ಹಿರಿಯರು ಗುಮಾಸ್ತರಾಗಿ, ಫಿಟ್ಟರುಗಳಾಗಿ, ನರ್ಸುಗಳಾಗಿ ಬಂದು ನೆಲೆಯೂರಿದರು. ಇಂದು ಅವರ ಮೊಮ್ಮಕ್ಕಳು ಹಿಂಜವಡಿಯ ಐಟಿ ಕಂಪನಿಗಳಲ್ಲಿದ್ದಾರೆ.

ಎರಡನೆಯವರು ಬೀದರ್, ಕಲಬುರಗಿ, ಯಾದಗಿರಿಯವರು. ವಾಕಡ್, ತಾಥವಡೆ, ಹಿಂಜವಡಿಗಳಲ್ಲಿ ಮುಗಿಲೆತ್ತರದ ಕಟ್ಟಡಗಳು ಏಳತೊಡಗಿದ ಮೇಲೆ ಸೊಲ್ಲಾಪುರದ ಹಾದಿಯ ರೈಲು ಹಿಡಿದು ಬಂದವರು. ಗಂಡಸರಿಗೆ ಗಾರೆ, ಸೆಂಟ್ರಿಂಗ್, ಟೈಲ್ಸ್ ಕೆಲಸ. ಹೆಂಗಸರಿಗೆ ಅದೇ ಕಟ್ಟಡ ಮುಗಿದ ಮೇಲೆ ಅಲ್ಲಿನ ಮನೆಗೆಲಸ. ಇವರಲ್ಲಿ ಹೆಚ್ಚಿನವರು ಊರಲ್ಲಿ ಮೆಥೊಡಿಸ್ಟ್ ಸಭೆಯವರು. 1947ರಲ್ಲಿ ದಕ್ಷಿಣ ಭಾರತ ಸಭೆ, 1970ರಲ್ಲಿ ಉತ್ತರ ಭಾರತ ಸಭೆ ರೂಪುಗೊಂಡು ಅನೇಕ ಮಿಶನ್ ಸಭೆಗಳು ಅವುಗಳಲ್ಲಿ ಸೇರಿಕೊಂಡಾಗಲೂ ಬೀದರ್-ಕಲಬುರಗಿಯ ಮೆಥೊಡಿಸ್ಟ್ ಸಭೆ ಬೇರೆಯಾಗಿಯೇ ಉಳಿಯಿತು. ಹೀಗಾಗಿ, ಆ ಒಕ್ಕೂಟದೊಳಗಿದ್ದ ಕರಾವಳಿಯ ಕುಟುಂಬಕ್ಕೆ ಒಂದು ಸಭೆಯಿಂದ ಇನ್ನೊಂದಕ್ಕೆ ವರ್ಗಾವಣೆ ಪತ್ರ, ಅಂದರೆ ಇವರು ನಮ್ಮ ಸದಸ್ಯರು ಎಂದು ಊರಿನ ಸಭೆ ಬರೆದುಕೊಡುವ ಕಾಗದ, ತರುವುದು ಅಂಚೆಯ ಕೆಲಸ. ಯಾದಗಿರಿಯ ಹಳ್ಳಿಯ ಕೂಲಿಯವನಿಗೆ ಅದು ಎರಡು ದಿನದ ಕೂಲಿ ಕಳೆದುಕೊಂಡು, ಊರೂರು ತಿರುಗುವ ಪಾಸ್ಟರರನ್ನು ಹುಡುಕಿ, ಹಳೆಯ ದಾಖಲೆ ತೆಗೆಸಬೇಕಾದ ಕೆಲಸ. ಮಾಡಿಸದೆ ಬಂದವರೇ ಹೆಚ್ಚು.

ಎರಡೂ ಕಡೆಯವರು ಕನ್ನಡಿಗರು, ಆದರೆ ಆರಾಧನೆ ಮುಗಿದ ಮೇಲೆ ಚಹಾ ಕುಡಿಯುವಾಗ ಎರಡು ಗುಂಪು. ಒಬ್ಬರ ಹಾಡು ಜರ್ಮನ್ ರಾಗದ್ದು, ಹಾರ್ಮೋನಿಯಂ ಸಾಕು. ಇನ್ನೊಬ್ಬರ ಹಾಡಿಗೆ ತಾಳ, ಢೋಲಕ್ ಬೇಕು. ಜಗಳವಿರಲಿಲ್ಲ. ಬಳಕೆಯೂ ಇರಲಿಲ್ಲ.

ಐದನೆಯ ಅಂಕಣ

ಸುಗ್ಗಿ ಹಬ್ಬದ ದಿನ ತೆಂಗಿನಕಾಯಿ, ಕುಂಬಳಕಾಯಿ ಹರಾಜು ಹಾಕಿ ಬಂದ ಹಣದಿಂದ ನಡೆಯುವ ಹಳೆಯ ನಿಧಿ ನಮ್ಮದು. ಸಭೆಯ ವಿಧವೆಯರಿಗೆ ತಿಂಗಳಿಗೆ ಸಾವಿರದ ಇನ್ನೂರು ರೂಪಾಯಿ, ಶಾಲೆ ತೆರೆಯುವ ತಿಂಗಳಲ್ಲಿ ಮಕ್ಕಳ ಪುಸ್ತಕಕ್ಕೆ ಬೇರೆ ಹಣ. ಇದರ ಖಾತೆ ಪುಸ್ತಕ ಕೆಂಪು ಬಟ್ಟೆಯ ಹೊದಿಕೆಯದು. ಖಜಾಂಚಿ ಅದರಲ್ಲಿ ಸ್ಕೇಲು ಇಟ್ಟು ಗೆರೆ ಎಳೆದು ಐದು ಅಂಕಣ ಮಾಡಿದ್ದರು: ಹೆಸರು, ಗಂಡನ ಹೆಸರು, ಮರಣದ ದಿನಾಂಕ, ವಿಳಾಸ, ವರ್ಗಾವಣೆ ಪತ್ರದ ಸಂಖ್ಯೆ. ಐದನೆಯ ಅಂಕಣ ಖಾಲಿ ಇದ್ದರೆ ಹಣವಿಲ್ಲ.

2021ರ ಕೊರೋನಾ ಎರಡನೆಯ ಅಲೆಯ ಮೇಲೆ ಈ ಅಂಕಣ ಸಭೆಯನ್ನು ಸೀಳಿತು. ಹೊಸದಾಗಿ ಬಂದವರ ಕಡೆ ಗಂಡನನ್ನು ಕಳೆದುಕೊಂಡ ಹಲವು ಹೆಂಗಸರಿದ್ದರು. ಸರಕಾರದ ದಾರಿಗಳೂ ಅವರಿಗೆ ಮುಚ್ಚಿದ್ದವು. ಮಹಾರಾಷ್ಟ್ರದ ಸಂಜಯ ಗಾಂಧಿ ನಿರಾಧಾರ ಯೋಜನೆಗೆ ರಾಜ್ಯದಲ್ಲಿ ಹದಿನೈದು ವರ್ಷದ ವಾಸ್ತವ್ಯ ತೋರಿಸಬೇಕು. ಕರ್ನಾಟಕದ ವಿಧವಾ ವೇತನಕ್ಕೆ ಅಲ್ಲಿ ಇರಬೇಕು. ಕೊರೋನಾ ಸಾವಿಗೆಂದು ಕೊಟ್ಟ ಐವತ್ತು ಸಾವಿರ ರೂಪಾಯಿ ಪರಿಹಾರಕ್ಕೆ ಕಾಯಿಲೆ ಸಾಬೀತಾಗಬೇಕು. ಪರೀಕ್ಷೆಯನ್ನೇ ಮಾಡಿಸದೆ ತಗಡಿನ ಕೋಣೆಯಲ್ಲಿ ಉಸಿರು ಬಿಟ್ಟವನಿಗೆ ಯಾವ ಸಾಬೀತು? ಎಲ್ಲ ಕಡೆ ಕಾಗದ ಕೇಳಿಸಿಕೊಂಡು ಬಂದವರಿಗೆ ದೇವರ ಮನೆಯಲ್ಲೂ ಅದನ್ನೇ ಕೇಳಿದೆವು.

ಅವರಲ್ಲೊಬ್ಬಳು ಬೀದರ್ ಜಿಲ್ಲೆಯವಳು, ಇಬ್ಬರು ಮಕ್ಕಳ ತಾಯಿ. ಅವಳ ಅರ್ಜಿ ತಿರಸ್ಕೃತವಾದದ್ದೇ ಗಲಾಟೆಯ ಆರಂಭ.

ಬಂದ ಸಲಹೆಗಳು

ಖಜಾಂಚಿ ನಿವೃತ್ತ ಬ್ಯಾಂಕ್ ಅಧಿಕಾರಿ, ಉಡುಪಿ ಕಡೆಯವರು. ಅವರ ಲೆಕ್ಕದಲ್ಲಿ ಒಂದು ರೂಪಾಯಿ ಅತ್ತಿತ್ತ ಆದದ್ದನ್ನು ಯಾರೂ ಕಂಡಿಲ್ಲ. ಅವರ ವಾದ ಮೊಂಡುತನದ್ದಾಗಿರಲಿಲ್ಲ, ವಚನದ್ದೇ ಆಗಿತ್ತು. ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರದ ಐದನೆಯ ಅಧ್ಯಾಯದಲ್ಲಿ ಪೌಲನೇ ವಿಧವೆಯರ ಪಟ್ಟಿಗೆ ನಿಯಮ ಹಾಕುತ್ತಾನೆ: ಅರವತ್ತು ವರ್ಷಕ್ಕೆ ಕಡಿಮೆಯಿರಬಾರದು, ಸತ್ಕ್ರಿಯೆಗಳಿಗೆ ಹೆಸರಾಗಿರಬೇಕು, ಮಕ್ಕಳು ಮೊಮ್ಮಕ್ಕಳು ಇದ್ದರೆ ಅವರೇ ನೋಡಿಕೊಳ್ಳಲಿ, ಸಭೆಗೆ ಭಾರವಾಗದಿರಲಿ. ಆದಿಸಭೆಯೇ ಪಟ್ಟಿ ಇಟ್ಟಿರುವಾಗ ನಾವು ಇಟ್ಟರೆ ತಪ್ಪೇನು? ಪತ್ರ ಬೇಡವೆಂದರೆ ನಾಳೆ ಯಾರು ಬೇಕಾದರೂ ಬಂದು ಕೈಯೊಡ್ಡುತ್ತಾರೆ, ಕಾಣಿಕೆ ಕೊಟ್ಟವರಿಗೆ ಏನು ಉತ್ತರ ಹೇಳಲಿ ಎಂದರು. ಈ ಮಾತಿಗೆ ನನ್ನ ಬಳಿ ಸುಲಭದ ಉತ್ತರವಿರಲಿಲ್ಲ. ಇಂದಿಗೂ ಆ ವಾದದಲ್ಲಿ ಹುರುಳಿದೆ ಎಂದೇ ನಂಬುತ್ತೇನೆ.

ಎದುರು ನಿಂತವನು ನಮ್ಮಲ್ಲೇ ಹುಟ್ಟಿ ಬೆಳೆದ ತರುಣ ಎಂಜಿನಿಯರ್. ಗದಗ ಮೂಲದ ಮನೆತನ, ಅಂಚೆಯ ಮೂಲಕ ದೇವಶಾಸ್ತ್ರದ ಕೋರ್ಸನ್ನೂ ಮುಗಿಸಿದ್ದ. ಯೆಶಾಯನ ಹತ್ತನೆಯ ಅಧ್ಯಾಯವನ್ನು ಎತ್ತಿಕೊಂಡ: ಅನ್ಯಾಯದ ಕಟ್ಟಳೆಗಳನ್ನು ಬರೆದು ವಿಧವೆಯರನ್ನು ಸುಲಿಯುವವರ ಗತಿಯನ್ನು ಹೇಳುವ ಭಾಗ. ನಿಧಿಯ ಹಲವು ವರ್ಷಗಳ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಜೋಡಿಸಿ, ಹಣವೆಲ್ಲ ಯಾವ ಸೀಮೆಯವರಿಗೆ ಹೋಗಿದೆ ಎಂದು ಬಣ್ಣ ಹಚ್ಚಿ ಸಭೆಯ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ. ಅವನು ತೋರಿಸಿದ್ದು ನಿಜ. ಅವನಿಲ್ಲದಿದ್ದರೆ ಈ ಅನ್ಯಾಯ ಹೊರಗೆ ಬರುತ್ತಲೇ ಇರಲಿಲ್ಲ, ಆ ಋಣ ನಮ್ಮೆಲ್ಲರ ಮೇಲಿದೆ. ಆದರೆ ಮಾತು ದಿನದಿನಕ್ಕೆ ವಿಧವೆಯರನ್ನು ಬಿಟ್ಟು ಖಜಾಂಚಿಯ ಕಡೆಗೆ, ಖಜಾಂಚಿಯಿಂದ ಸಭೆಯ ಮುಂದಿನ ಚುನಾವಣೆಯ ಕಡೆಗೆ ಸರಿಯತೊಡಗಿತು.

ಹಿರಿಯರಲ್ಲೊಬ್ಬರು 133ನೆಯ ಕೀರ್ತನೆ ಓದಿ, ಸಹೋದರರು ಒಂದಾಗಿರುವುದೇ ಮುಖ್ಯ, ಈ ವಿಷಯವನ್ನು ಇಲ್ಲಿಗೇ ಬಿಡೋಣ ಎಂದರು. ಆ ವಾರವೇ ಹೊರಗಿನಿಂದ ಬಂದ ಪ್ರಸಂಗಿಯೊಬ್ಬರು ಕೂಟದ ನಡುವೆ ಕಣ್ಣು ಮುಚ್ಚಿ, ಈ ಸಭೆಯಲ್ಲಿ ಒಬ್ಬ ಆಕಾನನಿದ್ದಾನೆ ಎಂದು ಕರ್ತನು ತೋರಿಸುತ್ತಿದ್ದಾನೆ ಎಂದುಬಿಟ್ಟರು. ಯೆಹೋಶುವನ ಪುಸ್ತಕ ಬಲ್ಲವರಿಗೆ ಅರ್ಥವಾಯಿತು: ಅರ್ಪಿತ ವಸ್ತುವನ್ನು ಕದ್ದು ಗುಡಾರದಲ್ಲಿ ಹೂತಿಟ್ಟವನು ಆಕಾನ. ಎಲ್ಲರ ಕಣ್ಣೂ ಖಜಾಂಚಿಯ ಮೇಲೆ ಬಿತ್ತು. ಪ್ರವಾದನೆಯನ್ನು ಉಳಿದವರು ವಿವೇಚಿಸಲಿ ಎಂದು ಪೌಲನು ಕೊರಿಂಥದವರಿಗೆ ಸ್ಪಷ್ಟವಾಗಿ ಬರೆದಿದ್ದಾನೆ. ಅಂದು ವಿವೇಚಿಸಲು ಅವಕಾಶವೇ ಇರಲಿಲ್ಲ, ಪ್ರಸಂಗಿಗಳು ರಾತ್ರಿಯ ಬಸ್ ಹತ್ತಿದ್ದರು. ತಮ್ಮ ಮಾತಿನ ಪರಿಣಾಮವನ್ನು ನೋಡಲು ನಿಲ್ಲದವರ ಮಾತನ್ನು ವಿವೇಕವೆಂದು ಒಪ್ಪಿಕೊಳ್ಳುವ ಅವಸರ ಯಾವ ಸಭೆಗೂ ಬೇಡ.

ಮುಂದಿನ ಕಮಿಟಿ ಸಭೆಯಲ್ಲಿ ಖಜಾಂಚಿಯೂ ಎಂಜಿನಿಯರೂ ಬಹಳ ಹೊತ್ತು ವಾದಿಸಿದರು. ಮಹಿಳಾ ಕೂಟದ ಪರವಾಗಿ ಬಂದಿದ್ದ ನಿವೃತ್ತ ನರ್ಸ್ ಒಬ್ಬರು ಅಲ್ಲಿಯವರೆಗೆ ಬಾಯಿ ತೆರೆದಿರಲಿಲ್ಲ. ಮಿರಜಿನ ವಾನ್ಲೆಸ್ ಆಸ್ಪತ್ರೆಯಲ್ಲಿ ಕಲಿತು, ಆಯುಷ್ಯವೆಲ್ಲ ವಾರ್ಡುಗಳಲ್ಲಿ ಕಳೆದವರು. ಅವರು ಮೊದಲು ಒಂದು ಮಾತು ನೆನಪಿಸಿದರು. ಪುಣೆಯಿಂದ ಅಷ್ಟೇನೂ ದೂರವಿಲ್ಲದ ಕೇಡಗಾಂವದಲ್ಲಿ ಮುಕ್ತಿ ಮಿಶನ್ ಕಟ್ಟಿದ ಪಂಡಿತಾ ರಮಾಬಾಯಿ ನಮ್ಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದವರು. 1882ರಲ್ಲಿ ತಾವೇ ವಿಧವೆಯಾದವರು. 1896-97ರ ಕ್ಷಾಮದಲ್ಲಿ ಮಧ್ಯಪ್ರಾಂತ್ಯಗಳಿಗೆ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದಾಗ ಅವರು ಯಾರ ಪತ್ರ ನೋಡಿದ್ದರು? ಇಷ್ಟು ಹೇಳಿ, ಇಬ್ಬರನ್ನೂ ನೋಡಿ ಕೇಳಿದರು: “ಆ ಹುಡುಗಿಯ ಹತ್ತಿರ ನಿಮ್ಮಲ್ಲಿ ಯಾರು ಮಾತಾಡಿದ್ದೀರಿ?”

ಯಾರೂ ಮಾತಾಡಿರಲಿಲ್ಲ. ಅರ್ಜಿಯನ್ನು ತಿರಸ್ಕರಿಸಿದವರಿಗೆ ಕಾಗದ ಗೊತ್ತಿತ್ತು, ಅವಳ ಪರವಾಗಿ ಹೋರಾಡುತ್ತಿದ್ದವನಿಗೆ ಅಂಕಿಸಂಖ್ಯೆ ಗೊತ್ತಿತ್ತು. ಕೇಳಿಸಿಕೊಳ್ಳುವ ಮೊದಲೇ ಉತ್ತರ ಕೊಡುವವನು ಮೂರ್ಖನೆಂದು ಜ್ಞಾನೋಕ್ತಿಗಳ ಹದಿನೆಂಟನೆಯ ಅಧ್ಯಾಯ ಹೇಳುತ್ತದೆ. ಇಬ್ಬರೂ ಆ ವಚನವನ್ನು ಯುವಕರ ಕೂಟಗಳಲ್ಲಿ ಕಲಿಸಿದವರೇ.

ಎಂಜಿನಿಯರ್, ಇದು ಒಬ್ಬಳ ಕಥೆಯಲ್ಲ, ವ್ಯವಸ್ಥೆಯ ಪ್ರಶ್ನೆ, ನನಗೆ ತಿಳಿಯಬೇಕಾದದ್ದು ತಿಳಿದಿದೆ ಎಂದ. ಖಜಾಂಚಿ ಸ್ವಲ್ಪ ಹೊತ್ತು ಸುಮ್ಮನಿದ್ದು ಖಾತೆ ಪುಸ್ತಕ ಮುಚ್ಚಿದರು. “ಯಾವಾಗ ಹೋಗೋಣ?” ಎಂದು ನರ್ಸ್ ಅಮ್ಮನನ್ನು ಕೇಳಿದರು. ಜೊತೆಯಲ್ಲಿ ನನ್ನನ್ನೂ ಕರೆದರು.

ತಗಡಿನ ಕೋಣೆಯಲ್ಲಿ

ವಾಕಡ್ ಕಡೆಯ ಕಟ್ಟಡವೊಂದರ ಹಿಂದಿನ ಕಾರ್ಮಿಕರ ಕ್ಯಾಂಪ್. ತಗಡಿನ ಸಾಲು ಕೋಣೆಗಳು, ಬಾಗಿಲಿಗೊಂದು ನೀಲಿ ಡ್ರಮ್ಮು, ಹಗ್ಗದ ಮೇಲೆ ಶಾಲೆಯ ಸಮವಸ್ತ್ರ. ಅವಳು ನಮ್ಮನ್ನು ಮಂಚದ ಮೇಲೆ ಕೂರಿಸಿ ತಾನು ನೆಲದ ಮೇಲೆ ಕುಳಿತಳು. ನರ್ಸ್ ಅಮ್ಮ ಎದ್ದು ಅವಳ ಪಕ್ಕದಲ್ಲಿ ನೆಲಕ್ಕೇ ಕುಳಿತರು. ಖಜಾಂಚಿ, ಮಂಡಿನೋವಿದ್ದರೂ, ಸ್ವಲ್ಪ ಹೊತ್ತಿನ ಮೇಲೆ ಅವರೂ ಕೆಳಗಿಳಿದರು.

ಕಾಗದವೇನಾದರೂ ಇದೆಯೇ ಎಂದು ಖಜಾಂಚಿ ಕೇಳಿದ್ದಕ್ಕೆ ಬಿಸ್ಕತ್ತಿನ ಡಬ್ಬ ತೆಗೆದಳು. ಆಧಾರ್ ಕಾರ್ಡುಗಳ ಕೆಳಗೆ, ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕು ಮಡಿಕೆಯಾದ ದೀಕ್ಷಾಸ್ನಾನದ ಚೀಟಿ. ಮಡಿಕೆಯ ಗೆರೆಗಳಲ್ಲಿ ಕಾಗದ ಬಟ್ಟೆಯಂತೆ ಮೆತ್ತಗಾಗಿತ್ತು, ಒಂದು ಮಡಿಕೆ ಹರಿದು ಹಿಂದಿನಿಂದ ಟೇಪು ಹಚ್ಚಿತ್ತು. ಶಾಯಿ ಮಾಸಿದ್ದರೂ ಹೆಸರು, ಊರು, ಪಾಸ್ಟರರ ಸಹಿ ಓದಲು ಬರುತ್ತಿದ್ದವು. ಖಜಾಂಚಿ ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರು. ವರ್ಗಾವಣೆ ಪತ್ರ ಅದಲ್ಲ. ಅವಳು ಕ್ರಿಸ್ತನವಳು ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿಯೂ ಬೇಕಾಗಿರಲಿಲ್ಲ.

ಹಣ ಎಷ್ಟು ಬೇಕಾಗುತ್ತದೆ ಎಂದು ಅವರು ಮಾತು ತೆಗೆದರು. ಅವಳು ಹಣದ ಮಾತು ಆಮೇಲೆ ಆಡೋಣ ಎಂದಳು. ಅವಳಿಗೆ ಕೇಳಬೇಕಾದದ್ದು ಬೇರೆಯೇ ಇತ್ತು. ಗಂಡ ಸತ್ತ ಮೇಲೆ ಬಂದ ಮೊದಲ ಕರ್ತನ ಭೋಜನದ (ಕ್ರಿಸ್ತನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆಚರಣೆಯ) ಭಾನುವಾರ ಅವಳು ಸಾಲಿನಲ್ಲಿ ನಿಂತಿದ್ದಾಗ ಸ್ವಯಂಸೇವಕನೊಬ್ಬ ಕೈಯಲ್ಲಿದ್ದ ಪಟ್ಟಿ ನೋಡಿ, ನಿಮ್ಮ ಹೆಸರಿಲ್ಲ, ಹಿಂದೆ ಕುಳಿತುಕೊಳ್ಳಿ ಎಂದಿದ್ದ. ಅಂದಿನಿಂದ ಪ್ರತಿ ತಿಂಗಳ ಮೊದಲ ಭಾನುವಾರ ಅವಳು ಕೊನೆಯ ಬೆಂಚಿನಲ್ಲಿ ಕುಳಿತು, ಎಲ್ಲರೂ ರೊಟ್ಟಿ ತೆಗೆದುಕೊಳ್ಳುವುದನ್ನು ನೋಡಿ ಮನೆಗೆ ಹೋಗುತ್ತಿದ್ದಳು. ನಾನು ಏನು ಪಾಪ ಮಾಡಿದ್ದೇನೆಂದು ಯಾರೂ ಹೇಳಲಿಲ್ಲ ಎಂದಳು. ಇನ್ನೊಂದು ಕೇಳಿಕೆ: ಗಂಡನ ವರ್ಷದ ಪ್ರಾರ್ಥನೆಗೆ ಸಭೆಯವರು ಬರಬೇಕು. ಹಿಂದಿನ ವರ್ಷ ತಾನೂ ಮಕ್ಕಳೂ ಮೂವರೇ ಹಾಡಿದ್ದರು.

ಆ ಪಟ್ಟಿ ಯಾರದು ಎಂಬುದು ನನಗೂ ನರ್ಸ್ ಅಮ್ಮನಿಗೂ ಹೊಳೆಯುವ ಮೊದಲೇ ಖಜಾಂಚಿ ಹೇಳಿದರು: “ಆ ಪಟ್ಟಿ ಬರೆದುಕೊಟ್ಟವನು ನಾನು.” ನಿಧಿಗೆಂದು ಮಾಡಿದ ಪೂರ್ಣ ಸದಸ್ಯರ ಪಟ್ಟಿಯನ್ನೇ ಅವರು ಸ್ವಯಂಸೇವಕರಿಗೂ ಕೊಟ್ಟಿದ್ದರು. ಅದು ಭೋಜನದ ಸಾಲಿನಲ್ಲಿ ಹೀಗೆ ಬಳಕೆಯಾಗುತ್ತಿರುವುದು ಅವರಿಗೆ ಗೊತ್ತಿರಲಿಲ್ಲ. ಆ ಕಾರಣವನ್ನು ಅವರು ಅವಳ ಮುಂದೆ ಹೇಳಲಿಲ್ಲ. ಕ್ಷಮೆ ಕೇಳಿದರು, ಅಷ್ಟೇ.

ಈ ಪ್ರಕರಣದ ತಿರುಳು ನನಗೆ ಇಲ್ಲಿದೆ. ಅಲ್ಲಿಯವರೆಗೆ ನಮ್ಮ ಎರಡೂ ಪಕ್ಷಗಳು ಹಣದ ಸುತ್ತಲೇ ತಿರುಗುತ್ತಿದ್ದವು. ಕೊಡಬೇಕು ಎಂದವನ ವಾದವೂ ಕೊಡಬಾರದು ಎಂದವರ ವಾದವೂ ಅವಳ ನೋವಿನ ಹತ್ತಿರಕ್ಕೂ ಬಂದಿರಲಿಲ್ಲ. ಒಂದು ವೇಳೆ ಎಂಜಿನಿಯರ್ ಗೆದ್ದು ತಿಂಗಳ ಹಣ ಅವಳ ಕೈ ಸೇರಿದ್ದರೂ, ಅವಳು ಕೊನೆಯ ಬೆಂಚಿನಲ್ಲೇ ಇರುತ್ತಿದ್ದಳು. ಒಂದೇ ಕೂಸನ್ನು ಇಬ್ಬರು ಹೆಂಗಸರು ತನ್ನದೆಂದಾಗ ಸೊಲೊಮೋನ ಅರಸನು ಕೊಟ್ಟ ಪ್ರಸಿದ್ಧ ತೀರ್ಪಿನಲ್ಲಿ ನಮಗೆ, ಕೂಸನ್ನು ಸೀಳಲು ತರಿಸಿದ ಕತ್ತಿಯೇ ಕಣ್ಣಿಗೆ ಬೀಳುತ್ತದೆ. ಅದಕ್ಕೆ ಮೊದಲು ಅರಸನು ಇವಳು ಹೀಗೆನ್ನುತ್ತಾಳೆ, ಅವಳು ಹಾಗೆನ್ನುತ್ತಾಳೆ ಎಂದು ಇಬ್ಬರು ಹೆಂಗಸರ ಮಾತನ್ನೂ ತನ್ನ ಬಾಯಲ್ಲಿ ಹೇಳಿದ್ದನ್ನು ನಾವು ದಾಟಿಕೊಂಡು ಹೋಗುತ್ತೇವೆ. ಕತ್ತಿ ತರಿಸಿದ್ದು ಆ ಬಳಿಕ.

ಏಳು ಹೆಸರುಗಳು

ಮುಂದಿನ ಕಮಿಟಿಯಲ್ಲಿ ಯಾರೂ ಕೇಳುವ ಮೊದಲೇ ಖಜಾಂಚಿ ಎದ್ದು ಪಟ್ಟಿಯ ವಿಷಯ ಹೇಳಿದರು. ಎಂಜಿನಿಯರಿಗೂ, ನೀನು ತೋರಿಸಿದ ಲೆಕ್ಕ ಸರಿಯಿದೆ ಎಂದು ಎಲ್ಲರೆದುರು ಒಪ್ಪಿಕೊಂಡರು. ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯವನ್ನು ತೆರೆದದ್ದು ಆಮೇಲೆ. ಯೆರೂಸಲೇಮಿನ ಸಭೆಯಲ್ಲೂ ಇದೇ ಜಗಳ: ಗ್ರೀಕ್ ಭಾಷೆಯವರು, ದಿನದಿನದ ಹಂಚಿಕೆಯಲ್ಲಿ ನಮ್ಮ ವಿಧವೆಯರನ್ನು ಕಡೆಗಣಿಸುತ್ತಿದ್ದೀರಿ ಎಂದು ಇಬ್ರಿಯ ಭಾಷೆಯವರ ಮೇಲೆ ಗೊಣಗಿದರು. ಒಳ್ಳೆಯ ಹೆಸರುಳ್ಳ, ಪವಿತ್ರಾತ್ಮನಿಂದಲೂ ಜ್ಞಾನದಿಂದಲೂ ತುಂಬಿದ ಏಳು ಮಂದಿಯನ್ನು ಆರಿಸಿಕೊಳ್ಳಿ ಎಂದರು ಅಪೊಸ್ತಲರು. ಆರಿಸಲ್ಪಟ್ಟವರು ಯಾರು? ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ಅಂತಿಯೋಕ್ಯದ ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ದೂರು ಕೊಟ್ಟ ಕಡೆಯವರ ಕೈಗೇ ಇಡೀ ಹಂಚಿಕೆಯನ್ನು ಒಪ್ಪಿಸಿದರು ಎಂದು ಹಲವು ವ್ಯಾಖ್ಯಾನಕಾರರು ಇದನ್ನು ಓದುತ್ತಾರೆ. ಇಬ್ರಿಯ ಭಾಷೆಯ ವಿಧವೆಯರೂ ಇನ್ನು ಇವರ ಕೈಯಿಂದಲೇ ಪಡೆಯಬೇಕು! ಎಷ್ಟು ದೊಡ್ಡ ನಂಬಿಕೆ ಅದು.

ಖಜಾಂಚಿಯ ಪ್ರಸ್ತಾಪ ಇಷ್ಟು: ಐವರ ಒಂದು ಗುಂಪು, ಅದರಲ್ಲಿ ಮೂವರು ಬೀದರ್-ಕಲಬುರಗಿ ಕಡೆಯವರು, ಇಬ್ಬರು ವಿಧವೆಯರೇ ಇರಲಿ. ಯಾರಿಗೆ ಕೊಡಬೇಕೆಂದು ಅವರು ತೀರ್ಮಾನಿಸುತ್ತಾರೆ, ನಾನು ಸಹಿ ಹಾಕುತ್ತೇನೆ. ಕಾನೂನು ಬಲ್ಲ ಸದಸ್ಯರೊಬ್ಬರು ತಡೆದರು. 1950ರ ಮಹಾರಾಷ್ಟ್ರ ಸಾರ್ವಜನಿಕ ನ್ಯಾಸಗಳ ಕಾಯಿದೆಯಡಿ ಲೆಕ್ಕಕ್ಕೆ ಹೊಣೆ ಟ್ರಸ್ಟಿಗಳದು, ತೀರ್ಮಾನ ಒಬ್ಬರದು ಹೊಣೆ ಇನ್ನೊಬ್ಬರದು ಎಂದರೆ ನಿಮ್ಮ ಕುತ್ತಿಗೆಗೇ ಬರುತ್ತದೆ ಎಂದರು. ಬರಲಿ, ಲೆಕ್ಕ ಪರಿಶೋಧನೆ ಹಾಗೆಯೇ ನಡೆಯುತ್ತದೆ, ಹೊಣೆ ನನ್ನದೇ ಎಂದರು ಖಜಾಂಚಿ. ಆಯುಷ್ಯವಿಡೀ ಬ್ಯಾಂಕಿನಲ್ಲಿ, ಬೇರೆಯವರು ತೀರ್ಮಾನಿಸಿದ ಕಾಗದಕ್ಕೆ ಓದದೆ ಸಹಿ ಹಾಕಬೇಡ ಎಂದು ಕಿರಿಯರಿಗೆ ಹೇಳಿಕೊಟ್ಟ ಮನುಷ್ಯನಿಗೆ ಇದು ಸಣ್ಣ ತ್ಯಾಗವಲ್ಲ.

ಯಾಕೋಬನ ಪತ್ರದ ಮೂರನೆಯ ಅಧ್ಯಾಯದ ಕೊನೆಯ ಭಾಗವನ್ನು ನಾನು ಆ ದಿನಗಳಲ್ಲಿ ಮತ್ತೆ ಮತ್ತೆ ಓದಿದೆ. ನಿಮ್ಮಲ್ಲಿ ಜ್ಞಾನಿ ಯಾರು ಎಂದು ಕೇಳುವ ಯಾಕೋಬ ಉತ್ತರವನ್ನು ಮಾತಿನಲ್ಲಿ ಬಯಸುವುದಿಲ್ಲ, ಸಾಧುತ್ವದ ನಡತೆಯಲ್ಲಿ ತೋರಿಸಲಿ ಎನ್ನುತ್ತಾನೆ. ಮೇಲಣಿಂದ ಬರುವ ಜ್ಞಾನ ಮೊದಲು ಪರಿಶುದ್ಧ, ಆಮೇಲೆ ಸಮಾಧಾನಕರ. ಈ ಅನುಕ್ರಮ ನಮ್ಮ ಹಿರಿಯರ ಸಲಹೆಯಲ್ಲಿ ತಲೆಕೆಳಗಾಗಿತ್ತು: ಇದ್ದದ್ದನ್ನು ಹೊರಗೆ ಹಾಕದೆಯೇ ಶಾಂತಿ ಬೇಕಾಗಿತ್ತು ಅವರಿಗೆ. ಹೊಟ್ಟೆಕಿಚ್ಚು, ಪಕ್ಷಭೇದ ಇರುವಲ್ಲಿ ಗಲಿಬಿಲಿ ಎಂದು ಯಾಕೋಬ ಬರೆದದ್ದು ವಾಟ್ಸ್ಆ್ಯಪ್ ಗುಂಪಿನಲ್ಲಿ ಅಕ್ಷರಶಃ ನಡೆಯಿತು. ನಿಜವಾದ ಲೆಕ್ಕವೇ ಜನರನ್ನು ಕಚ್ಚಾಡಿಸಿತು. ಇದೇ ಪಟ್ಟಿಯಲ್ಲಿ ಯಾಕೋಬ ಇನ್ನೊಂದು ಗುಣ ಹೇಳುತ್ತಾನೆ, ನಾವು ಅದರ ಮೇಲೆ ಪ್ರಸಂಗ ಕೇಳುವುದೇ ಅಪರೂಪ: ಆ ಜ್ಞಾನವುಳ್ಳವನು ಇತರರು ಹೇಳಿದ ಮಾತಿಗೆ ಮಣಿಯುತ್ತಾನೆ. ಜ್ಞಾನಿಯೆಂದರೆ ಇತರರನ್ನು ತಿದ್ದುವವನು ಎಂದೇ ನಮ್ಮ ಸಭೆಗಳಲ್ಲಿ ರೂಢಿಯಾಗಿದೆ. ತಿದ್ದಿಸಿಕೊಳ್ಳುವವನಲ್ಲಿ ಅದನ್ನು ಹುಡುಕಿದವರು ಕಡಿಮೆ.

ಸಭೆಯಲ್ಲಿ ಹಲವರು, ನಿಜವಾದ ವಿವೇಕ ನರ್ಸ್ ಅಮ್ಮನದು ಎನ್ನುತ್ತಾರೆ. ಅವರ ಪ್ರಶ್ನೆಯಿಲ್ಲದೆ ಏನೂ ಆಗುತ್ತಿರಲಿಲ್ಲ, ನಿಜ. ಆದರೂ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಪ್ರಶ್ನೆ ಇಬ್ಬರ ಮೇಲೂ ಬಿತ್ತು, ಒಬ್ಬರು ಎದ್ದು ಹೋದರು. ನರ್ಸ್ ಅಮ್ಮನಿಗೆ ಕಳೆದುಕೊಳ್ಳಲು ಏನೂ ಇರಲಿಲ್ಲ; ಖಜಾಂಚಿಗೆ ತಮ್ಮ ಹೆಸರು, ತಮ್ಮ ವಾದ, ಆಕಾನನೆಂಬ ಅಪವಾದದ ನಡುವೆ ಉಳಿದಿದ್ದ ಚೂರುಪಾರು ಗೌರವ ಎಲ್ಲವೂ ಪಣದಲ್ಲಿತ್ತು. ನರ್ಸ್ ಅಮ್ಮನೇ ನನಗೆ ಇದನ್ನು ಹೇಳಿದವರು: ಆಸ್ಪತ್ರೆಯಲ್ಲಿ ನನ್ನ ಪ್ರಶ್ನೆಗೆ ಸಿಟ್ಟಾಗದ ದೊಡ್ಡ ಡಾಕ್ಟರರನ್ನು ನಾನು ಬೆರಳೆಣಿಕೆಯಷ್ಟು ನೋಡಿದ್ದೇನೆ.

ಸಲಹೆ ಸರಿಯಾಗಿರುವುದು ಒಂದು, ವಿವೇಕ ಇನ್ನೊಂದು. ದಾವೀದ ಅರಸನ ಕಾಲದಲ್ಲಿ ಅವನ ಮಂತ್ರಾಲೋಚಕ ಅಹೀತೋಫೆಲನ ಆಲೋಚನೆ ದೈವೋಕ್ತಿಯಷ್ಟು ಬೆಲೆಯುಳ್ಳದ್ದಾಗಿತ್ತು ಎಂದು ಸಮುವೇಲನ ಎರಡನೆಯ ಪುಸ್ತಕವೇ ಒಪ್ಪುತ್ತದೆ. ದಾವೀದನ ವಿರುದ್ಧ ದಂಗೆಯೆದ್ದ ಮಗ ಅಬ್ಷಾಲೋಮನಿಗೆ ಅವನು ಕೊಟ್ಟ ಯುದ್ಧದ ಸಲಹೆಯೂ ಜಾಣತನದ್ದೇ. ಅದು ಒಪ್ಪಿಗೆಯಾಗದಿದ್ದಾಗ ಕತ್ತೆಗೆ ತಡಿ ಹಾಕಿ, ಊರಿಗೆ ಹೋಗಿ, ಮನೆಯ ವ್ಯವಸ್ಥೆ ಮಾಡಿ ನೇಣು ಹಾಕಿಕೊಂಡ. ತನ್ನ ಮಾತು ಸೋತ ಮೇಲೆ ಬದುಕಲು ಆಗದಷ್ಟು ಆ ಮಾತಿಗೆ ಅಂಟಿಕೊಂಡಿದ್ದ.

ಎರಡನೆಯ ಪರೀಕ್ಷೆ

ಒಮ್ಮೆ ಬಾಗಿದ ಮನುಷ್ಯ ನಾಚಿಕೆಯಿಂದ ಬಾಗಿದನೋ ದೇವರ ಭಯದಿಂದ ಬಾಗಿದನೋ ಕೂಡಲೇ ತಿಳಿಯುವುದಿಲ್ಲ. ಯಾಕೋಬ ಕಪಟವಿಲ್ಲದ್ದು ಎಂಬ ಗುಣವನ್ನು ಕೊನೆಗೆ ಇಟ್ಟದ್ದು ಸುಮ್ಮನೆ ಅಲ್ಲ ಎಂದು ನನ್ನ ಎಣಿಕೆ. ಅದು ಗೊತ್ತಾಗಲು ಕಾಲ ಬೇಕು. ನಮಗೆ ಆ ಅವಕಾಶವೂ ಬಂತು.

ಹೊಸ ಗುಂಪು ಮಂಜೂರು ಮಾಡಿದ ಅರ್ಜಿಗಳಲ್ಲಿ ಒಂದು ಸುಳ್ಳೆಂದು ಕೆಲವು ತಿಂಗಳ ಮೇಲೆ ಹೊರಬಿತ್ತು. ಆ ಹೆಂಗಸಿನ ಗಂಡ ಸತ್ತಿರಲಿಲ್ಲ, ಊರಲ್ಲಿ ಇನ್ನೊಬ್ಬಳೊಂದಿಗಿದ್ದ. ಬಿಟ್ಟುಹೋದ ಗಂಡನಿಗಿಂತ ಸತ್ತ ಗಂಡನ ಹೆಂಡತಿ ಎನಿಸಿಕೊಳ್ಳುವುದು ಅವಳಿಗೆ ಕಡಿಮೆ ಅವಮಾನವಾಗಿ ಕಂಡಿತ್ತು. ಖಜಾಂಚಿ ಮೊದಲೇ ಎಚ್ಚರಿಸಿದ್ದು ಇದನ್ನೇ. ಹಳೆಯ ಕಡೆಯವರು ಅವರ ಮನೆಗೇ ಹೋಗಿ, ಈಗಲಾದರೂ ನಿಧಿಯನ್ನು ವಾಪಸು ತೆಗೆದುಕೊಳ್ಳಿ ಎಂದರು. ಅವರು ಗುಂಪಿನ ಸಭೆಗೆ ಬಂದರು, ಕೊನೆಯ ಕುರ್ಚಿಯಲ್ಲಿ ಕುಳಿತರು, ನಾನು ಹೇಳಿದ್ದೆನಲ್ಲ ಎಂಬ ಅರ್ಥದ ಒಂದು ಮಾತನ್ನೂ ಆಡಲಿಲ್ಲ. ಗುಂಪಿನವರು ಕೇಳಿದಾಗ ಮಾತ್ರ, ಬ್ಯಾಂಕಿನಲ್ಲಿ ಸಾಲಕ್ಕೆ ಮೊದಲು ಇಬ್ಬರು ಬೇರೆಬೇರೆ ದಿನ ಹೋಗಿ ನೋಡಿಬರುವ ಪದ್ಧತಿ ಇತ್ತು ಎಂದು ಹೇಳಿದರು. ಅದನ್ನು ಗುಂಪು ಅಳವಡಿಸಿಕೊಂಡಿತು. ಆ ಹೆಂಗಸಿಗೆ ಸಹಾಯ ನಿಲ್ಲಿಸಬೇಕೇ ಎಂಬ ಪ್ರಶ್ನೆಗೆ, ಮೊದಲು ತಿರಸ್ಕೃತಳಾಗಿದ್ದ ಬೀದರಿನವಳೇ, ಈಗ ಆ ಐವರಲ್ಲಿ ಒಬ್ಬಳು, ಉತ್ತರ ಕೊಟ್ಟಳು: ಸುಳ್ಳು ಹೇಳಿದ್ದಕ್ಕೆ ಅವಳು ಪಾಸ್ಟರರ ಮುಂದೆ ಒಪ್ಪಿಕೊಳ್ಳಲಿ, ಹಸಿವು ಸುಳ್ಳಲ್ಲವಾದ್ದರಿಂದ ಹಣ ನಿಲ್ಲದಿರಲಿ, ನಿಧಿಯ ಹೆಸರು ಬೇಕಾದರೆ ಬದಲಿಸೋಣ. ಹಾಗೆಯೇ ಆಯಿತು.

ಎಲ್ಲವೂ ನೇರಾಗಿಲ್ಲ. ಎಂಜಿನಿಯರ್ ನಮ್ಮನ್ನು ಬಿಟ್ಟು ಬೇರೊಂದು ಸಭೆಗೆ ಹೋಗುತ್ತಿದ್ದಾನೆ. ತಾನು ಎತ್ತಿದ ಹೋರಾಟದ ಕೀರ್ತಿ ತಾನು ಎದುರಿಸಿದವರಿಗೆ ಹೋಯಿತೆಂಬ ನೋವು ಅವನಿಗಿದೆ, ಆ ನೋವು ಪೂರ್ತಿ ಸುಳ್ಳೂ ಅಲ್ಲ. ಖಜಾಂಚಿ ಅವನ ಮನೆಗೆ ಹೋಗಿ ಬಂದರು. ಅವನ ತಾಯಿ ಚಹಾ ಕೊಟ್ಟರು, ಅವನು ಹೊರಗೆ ಬರಲಿಲ್ಲ. ಇನ್ನೊಬ್ಬ ವಿಧವೆ ನಮ್ಮ ವಾದವಿವಾದ ಮುಗಿಯುವ ಮೊದಲೇ ಮಕ್ಕಳನ್ನು ಕರೆದುಕೊಂಡು ಯಾದಗಿರಿಗೆ ಹೊರಟುಹೋಗಿದ್ದಳು. ಅವಳ ಊರಿನ ಹೆಸರು ಗೊತ್ತಿದ್ದವರು ಯಾರೂ ಇರಲಿಲ್ಲ. ನಮ್ಮ ತಡ ಅವಳ ಪಾಲಿಗೆ ತಿರಸ್ಕಾರವೇ ಆಯಿತು, ಅದಕ್ಕೆ ಯಾವ ವಿವರಣೆಯೂ ಸಾಲದು.

ಭೋಜನದ ಸಾಲಿನ ಪಟ್ಟಿ ಈಗಿಲ್ಲ. ದೀಕ್ಷಾಸ್ನಾನವಾದವರೆಲ್ಲರೂ ಬರಬಹುದೆಂದು ಪಾಸ್ಟರರು ಪ್ರತಿ ಸಲ ಬಾಯಿಬಿಟ್ಟು ಹೇಳುತ್ತಾರೆ. ಸದಸ್ಯತ್ವದ ನಿಯಮ ಮಾತ್ರ ಇನ್ನೂ ಹಳೆಯದೇ. ವರ್ಗಾವಣೆ ಪತ್ರದ ಬದಲು ದೀಕ್ಷಾಸ್ನಾನದ ಚೀಟಿ ಮತ್ತು ಇಬ್ಬರು ಸದಸ್ಯರ ಸಾಕ್ಷ್ಯ ಸಾಕೆಂಬ ತಿದ್ದುಪಡಿಯನ್ನು ಖಜಾಂಚಿಯೇ ಬರೆದು ಕೊಟ್ಟಿದ್ದಾರೆ; ಹಳಬರಲ್ಲಿ ಅನೇಕರು ಒಪ್ಪಿಲ್ಲ. ಅದು ಮುಂದಿನ ವಾರ್ಷಿಕ ಸಭೆಯಲ್ಲಿ ಮತಕ್ಕೆ ಬರುತ್ತದೆ. ಪತ್ರವಿಲ್ಲದವರಿಗೆ ಅಲ್ಲಿ ಮತ ಹಾಕುವ ಹಕ್ಕಿಲ್ಲ, ಆದ್ದರಿಂದ ಅವರ ಪರವಾಗಿ ಹಳಬರ ಮನೆಮನೆಗೆ ಹೋಗಿ ಮಾತಾಡುವ ಕೆಲಸವನ್ನು ಖಜಾಂಚಿಯೂ ನರ್ಸ್ ಅಮ್ಮನೂ ಈಗ ಮಾಡುತ್ತಿದ್ದಾರೆ.